ಕೇಳಿಸಿಕೊಳ್ಳುವ ಪರೀಕ್ಷೆ

ಗಾಜಿನಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಫೆಬ್ರುವರಿ ೧೧

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತಾ? ನೀನು ನೋಡಿಕೊಳ್ಳುವ ಅಜ್ಜಿಯನ್ನು ಎತ್ತಿ ಕೂರಿಸುವಾಗ ಬೆನ್ನು ಬಗ್ಗಿಸಬೇಡ, ಮಂಡಿ ಮಡಿಸಿ ಎತ್ತು. ಇದೇನು ನನ್ನ ಸ್ವಂತ ಬುದ್ಧಿಯಲ್ಲ, ದೊಡ್ಡ ಗಾಜು ಎತ್ತುವಾಗ ನಮ್ಮ ಯಜಮಾನರು ದಿನಾ ಕಿರುಚುವ ಮಾತು. ಗಾಜಿಗಿಂತ ಅಜ್ಜಿ ಹಗುರ, ಆದರೆ ಗಾಜು ಬೈಯಲ್ಲ ಅಂತ ನೀನು ಅಲ್ಲಿ ನಗುತ್ತಿರುತ್ತೀಯ, ಗೊತ್ತು. ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ಚೆನ್ನಾಗಿದ್ದಾರೆ. ಈಗಲೂ ಬೆಳಗಿನ ಮೊದಲ ಬಸ್ಸು ಅವರದೇ, ಆದ್ದರಿಂದ ಕತ್ತಲಾಗುವ ಮೊದಲೇ ಉಂಡು ಮಲಗಿಬಿಡುತ್ತಾರೆ. ನಿದ್ದೆಯಲ್ಲೂ ಬ್ರೇಕ್ ಒತ್ತುತ್ತಾರೆ, ಮಂಚದ ಕಾಲುಗಳೇ ಅಲ್ಲಾಡಿಹೋಗಿವೆ.

ಇದೇನು ಇವನು ಕಾಗದ ಬರೆಯುತ್ತಿದ್ದಾನೆ, ಫೋನಿಗೆ ಏನು ಬಂತು ಅಂತ ಗಾಬರಿಯಾಗಬೇಡ. ಫೋನ್ ಚೆನ್ನಾಗಿದೆ. ಆದರೆ ಮನೆಗೆ ಇರುವುದು ಅದೊಂದೇ, ಅದು ಸದಾ ನಿನ್ನ ಮುದ್ದಿನ ಮಗಳು ಇಲಿಮರಿಯ ಕೈಯಲ್ಲಿರುತ್ತದೆ. ಭಾನುವಾರ ನೀನು ಫೋನ್ ಮಾಡಿದಾಗ ಸ್ಪೀಕರ್ ಹಾಕಿಕೊಂಡು ಮೂವರೂ ಸುತ್ತ ಕೂರುತ್ತೇವೆ, ಅವಳ ಎದುರಿಗೆ ಈ ವಿಷಯ ಎತ್ತಲು ನನಗೆ ಬಾಯಿ ಬರುವುದಿಲ್ಲ. ಬಂದರೂ ಏನೋ ತಮಾಷೆ ಮಾಡಿ ಹಾರಿಸಿಬಿಡುತ್ತೇನೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ. ನಮ್ಮ ಅಂಗಡಿಯ ವ್ಯಾನು ಗುರುವಾರ ನಿನ್ನ ಊರಿಗೆ ಕನ್ನಡಿ ತರುತ್ತದೆ. ಡ್ರೈವರ್ ಮೀಸೆಯಣ್ಣ ಇದನ್ನು ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾನೆ. ಅವನಿಗೆ ಒಂದು ಲೋಟ ಟೀ ಕೊಡು. ಹೊಗಳಿಕೆ ಬೇಡ, ಹೊಗಳಿದರೆ ಹೊರಡುವುದೇ ಇಲ್ಲ.

ವಿಷಯ ಇಲಿಮರಿಯ ಇಂಗ್ಲಿಷಿನದು. ಈ ವರ್ಷದ ಪರೀಕ್ಷೆಯಲ್ಲಿ ಓದುವುದು, ಪದಗಳ ಅರ್ಥ, ಇವುಗಳ ಜೊತೆ ಕೇಳಿಸಿಕೊಳ್ಳುವುದಕ್ಕೂ ಬೇರೆ ಅಂಕ ಇದೆ ಅಂತ ನಿನಗೆ ಹೇಳಿದ್ದೆವಲ್ಲ. ಒಂದು ಧ್ವನಿಮುದ್ರಣ ಹಾಕುತ್ತಾರೆ, ಯಾರೋ ಮಾತಾಡುತ್ತಾರೆ, ಎರಡು ಸಲ ಕೇಳಿಸುತ್ತಾರೆ, ಆಮೇಲೆ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಬೇಕು. ಅದರಲ್ಲಿ ಬಿದ್ದರೆ ಇಂಗ್ಲಿಷೇ ಹೋಯಿತು, ಇಂಗ್ಲಿಷ್ ಹೋದರೆ ವರ್ಷವೇ ಹೋಯಿತು. ಪರೀಕ್ಷೆ ಮುಂದಿನ ತಿಂಗಳು. ಮಹಡಿಯ ಟ್ಯೂಷನ್ ಅಕ್ಕ ಶಾಲೆ ಶುರುವಾದಾಗಲೇ ಇಳಿದು ಬಂದು, ‘ನಿಮ್ಮ ಹುಡುಗೀನ ಸಂಜೆ ನನ್ನ ಹತ್ರ ಕಳಿಸಿ, ಒಂದು ಜಾಗ ಇದೆ’ ಅಂದಿದ್ದರು. ನಾನು ಬಾಗಿಲಲ್ಲೇ ನಿಂತು, ‘ಬೇಡಕ್ಕಾ, ನಾನಿದ್ದೀನಲ್ಲ’ ಅಂದುಬಿಟ್ಟೆ. ನೀನೂ ಫೋನಿನಲ್ಲಿ ಕೇಳಿದ್ದೆ, ‘ನಿಂಗೆ ಬರುತ್ತೇನೋ ಬುಗುರಿ?’ ಅಂತ. ಬರುತ್ತದೆ ಅಂದೆ. ಅದು ಸುಳ್ಳಲ್ಲ ಅಮ್ಮಾ. ಶಾಲೆ ಬಿಟ್ಟ ಮೇಲೆ ಗಾಜಿನ ಅಂಚು ಉಜ್ಜುವಾಗ ಅಂಗಡಿಯ ರೇಡಿಯೋದ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ್ದೇ ಕೇಳಿದ್ದು, ಇಂಗ್ಲಿಷ್ ನನಗೆ ಸುಮಾರಾಗಿ ತಿಳಿಯುತ್ತದೆ. ಬರುವುದು ಬೇರೆ, ಬರಿಸುವುದು ಬೇರೆ ಅಂತ ಮಾತ್ರ ತಿಳಿದಿರಲಿಲ್ಲ.

ನಮ್ಮ ಅಭ್ಯಾಸ ಹೇಗೆ ನಡೆಯುತ್ತಿತ್ತು ಅಂದರೆ, ಅಪ್ಪ ಮಲಗಿದ ಕೂಡಲೇ ಇಬ್ಬರೂ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಫೋನಿನ ಸದ್ದು ಸಾಲದು ಅಂತ ಅದನ್ನು ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸುತ್ತಿದ್ದೆ. ಪಾತ್ರೆ ಗುಂಯ್ ಅಂದು ಧ್ವನಿ ದೊಡ್ಡದಾಗುತ್ತಿತ್ತು. ಹೆಂಗಸೊಬ್ಬಳು ಬಾವಿಯೊಳಗಿಂದ ಗ್ರಂಥಾಲಯದ ವೇಳಾಪಟ್ಟಿ ಹೇಳಿದ ಹಾಗೆ! ಇಲಿಮರಿ ನೆಲದ ಮೇಲೆ, ನಾನು ಎದುರಿಗೆ ಮಣೆಯ ಮೇಲೆ. ಪದಗಳಿಗೆ ನಾನೇ ಒಂದು ಉಪಾಯ ಮಾಡಿದ್ದೆ. ಅಂಗಡಿಯಿಂದ ಗಾಜಿನ ಮೇಲೆ ಗೀಚುವ ಮೇಣದ ಪೆನ್ಸಿಲ್ ತಂದು ಕಿಟಕಿಯ ತುಂಬ ಬರೆದಿದ್ದೆ. ಪಾತ್ರೆ ತೊಳೆಯುವಾಗ ಅವಳ ಕಣ್ಣಿಗೆ ಬೀಳಲಿ ಅಂತ. ಅಪ್ಪ ಬೆಳಗ್ಗೆ ಅದನ್ನು ನೋಡಿ, ‘ಕಿಟಕಿ ತುಂಬಾ ಇಂಗ್ಲಿಷೇ ಕೂತಿದೆ, ಬೆಳಕು ಎಲ್ಲಿಂದಪ್ಪಾ ಬರ್ಬೇಕು?’ ಅಂದರು. ಆದರೆ ಅಳಿಸಲಿಲ್ಲ. ಒಂದು ದಿನ ಬಸ್ಸಿಗೆ ಹೊರಡುವಾಗ ‘ಡಿಪಾರ್ಚರ್, ಡಿಪಾರ್ಚರ್’ ಅಂತ ತಾವೇ ಹೇಳಿಕೊಂಡು ಚಪ್ಪಲಿ ಹಾಕಿಕೊಂಡರು. ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು.

ಮೊದಮೊದಲು ಅವಳಿಗೆ ಏನೂ ಹತ್ತುತ್ತಿರಲಿಲ್ಲ. ಆಮೇಲೆ ಒಂದು ಸಂಜೆ, ದೀಪಸ್ತಂಭ ಕಾಯುವ ಮುದುಕನೊಬ್ಬನ ಪಾಠ ಕೇಳಿಸಿದೆ ನೋಡು, ಅಷ್ಟೂ ಪ್ರಶ್ನೆಗೆ ಸರಿ ಉತ್ತರ! ಅಲ್ಲಿಂದ ಮುಂದೆ ಹಿಂದೆ ತಿರುಗಿ ನೋಡಿದ್ದೇ ಇಲ್ಲ. ಯಾವ ಪಾಠ ಹಾಕಿದರೂ ಪೆನ್ಸಿಲ್ ನಾಲ್ಕು ಉತ್ತರಗಳ ಮೇಲೆ ನಿಧಾನವಾಗಿ ಓಡಾಡಿ ಸರಿಯಾದದ್ದರ ಮೇಲೆ ಹೋಗಿ ಕೂರುತ್ತಿತ್ತು. ಓದುವುದೂ ಹಾಗೇ, ಕಷ್ಟದ ಪದ ಬಂದಾಗ ಒಂದು ಕ್ಷಣ ನನ್ನ ಕಡೆ ನೋಡಿ, ಆಮೇಲೆ ಥಟ್ಟನೆ ಹೇಳಿಬಿಡುತ್ತಿದ್ದಳು. ನಾನು ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಯಜಮಾನರು ಬೇಸತ್ತು, ‘ಗಾಜು ಕೊಯ್ಯೋ ಅಂದ್ರೆ ಬಡಾಯಿ ಕೊಚ್ತಾನೆ’ ಅಂದರು. ನಿನಗೂ ಹೇಳಿದೆ. ‘ಕ್ಲಾಸಿಗೇ ಫಸ್ಟ್ ಬರ್ತಾಳೆ, ಬರೆದಿಟ್ಕೋ’ ಅಂದೆ. ಅವತ್ತು ಆ ಕಡೆಯಿಂದ ನೀನು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಈಗ ಅದನ್ನು ನೆನೆದರೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ.

ಕಳೆದ ವಾರ ಶಾಲೆಯಲ್ಲಿ ಪೂರ್ವಪರೀಕ್ಷೆ ಆಯಿತು. ಮನೆಯವರು ಯಾರಾದರೂ ಬರಬೇಕು ಅಂತ ಹೇಳಿ ಕಳಿಸಿದರು. ಅಪ್ಪನ ಬಸ್ಸು ಬಿಡುವ ಹಾಗಿಲ್ಲ, ನಾನೇ ಹೋದೆ. ಹೊಗಳಲು ಕರೆದಿದ್ದಾರೆ ಅಂದುಕೊಂಡಿದ್ದೆ ಅಮ್ಮಾ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ನಾನು ಬಿಟ್ಟು ಬಂದ ಶಾಲೆಯ ಗೇಟಿನೊಳಗೆ ಎದೆಯುಬ್ಬಿಸಿ ಕಾಲಿಡುವ ದಿನ ಬಂತು ಅಂತ ದಾರಿಯುದ್ದಕ್ಕೂ ಎರಡು ಮಾತು ಕೂಡ ಯೋಚಿಸಿಟ್ಟುಕೊಂಡಿದ್ದೆ. ಇಂಗ್ಲಿಷ್ ಟೀಚರ್ ಈಗಲೂ ಅವರೇ, ಕಾಲರಿಗೆ ಗುಂಡುಪಿನ್ನುಗಳ ಸಾಲು ಚುಚ್ಚಿಕೊಂಡಿರುವ ನಮ್ಮ ಪಿನ್ ಟೀಚರ್. ಉತ್ತರಪತ್ರಿಕೆ ನನ್ನ ಕೈಗೆ ಕೊಟ್ಟರು. ಕೇಳಿಸಿಕೊಳ್ಳುವುದರಲ್ಲಿ ಒಂದೇ ಒಂದು ಸರಿ. ಅದೂ ಕುರುಡ ಎಸೆದ ಕಲ್ಲು ತಗುಲಿದ ಹಾಗೆ ತಗುಲಿದ್ದು. ಓದುವುದರಲ್ಲಿ ಅರ್ಧವೂ ಇಲ್ಲ. ಇಡೀ ತರಗತಿಯಲ್ಲಿ ಕೊನೆಯವಳು.

ಆಗ ನಾನು ಮಾಡಿದ್ದನ್ನು ಬರೆಯಲೇಬೇಕು, ಬರೆಯದಿದ್ದರೆ ಈ ಕಾಗದವೇ ದಂಡ. ಪಡಸಾಲೆಯಲ್ಲಿ ಅವಳ ಗೆಳತಿಯರೆಲ್ಲ ನಿಂತಿದ್ದರು. ಅವರೆಲ್ಲರ ಮುಂದೆ ಅವಳಿಗೆ ಬಾಯಿಗೆ ಬಂದ ಹಾಗೆ ಬೈದೆ. ‘ಮನೇಲಿ ಎಲ್ಲಾ ಬರುತ್ತೆ, ಇಲ್ಲಿ ಬಂದು ಬೇಕಂತ್ಲೇ ನನ್ನ ಮಾನ ಕಳೀತೀಯಾ, ಕತ್ತೆ?’ ಅಂದೆ. ನನ್ನ ಮಾನ ಅಂದೆ, ಅಮ್ಮಾ. ಅವಳ ಅಂಕ ಅನ್ನಲಿಲ್ಲ. ಅವಳು ಚೀಲದ ಪಟ್ಟಿ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದಳು. ಒಬ್ಬಳು ಹುಡುಗಿ ಕಿಸಕ್ಕನೆ ನಕ್ಕಳು. ಟೀಚರ್ ಹೊರಗೆ ಬಂದು, ‘ಸಾಕು ಮಾಡೋ, ನಿನ್ನ ಗಂಟಲು ನನಗೆ ಹೊಸದಲ್ಲ. ಇಬ್ರೂ ಒಳಗೆ ಬನ್ನಿ’ ಅಂದರು.

ಒಳಗೆ ಕೂರಿಸಿ, ಮನೆಯಲ್ಲಿ ಹೇಗೆ ಮಾಡುತ್ತೀರೋ ಇಲ್ಲೂ ಹಾಗೇ ಮಾಡಿ ಅಂದರು. ಅವರದೇ ಒಂದು ಹೊಸ ಪಾಠ ಹಾಕಿದರು, ರೈಲ್ವೆ ನಿಲ್ದಾಣದಲ್ಲಿ ಕೊಡೆ ಕಳೆದುಕೊಂಡವನ ಕಥೆ. ಅವಳು ಬೆಂಚಿನ ಈ ಕಡೆ, ನಾನು ಆ ಕಡೆ. ನೋಡಿದರೆ ಎಲ್ಲವೂ ಸರಿ! ನಾನು ‘ನೋಡಿದ್ರಾ ಮೇಡಂ?’ ಅಂತ ಎದ್ದು ನಿಂತೇಬಿಟ್ಟೆ. ಟೀಚರ್ ಅವಳ ಹಾಳೆಯನ್ನು ನೋಡಿರಲೇ ಇಲ್ಲ. ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದರು. ‘ನೀನು ಹೋಗಿ ಬೀರು ಹಿಂದೆ ನಿಂತ್ಕೋ’ ಅಂದರು. ನಿಂತೆ. ಇನ್ನೊಂದು ಪಾಠ ಹಾಕಿದರು. ಮುಗಿದ ಮೇಲೆ ನನ್ನನ್ನು ಕರೆದು ಹಾಳೆ ತೋರಿಸಿದರು. ಒಂದೂ ಸರಿಯಿರಲಿಲ್ಲ. ಕೊನೆಯ ಎರಡು ಪ್ರಶ್ನೆಗೆ ಅವಳು ಗುರುತೇ ಹಾಕಿರಲಿಲ್ಲ.

ನನಗೆ ಆಗಲೂ ತಲೆಗೆ ಹೋಗಲಿಲ್ಲ. ಟೀಚರೇ ಬಿಡಿಸಿ ಹೇಳಬೇಕಾಯಿತು. ನಾನು ಕೂತಲ್ಲಿ ಕಾಲು ಕುಣಿಸುತ್ತೇನಲ್ಲ, ಚಿಕ್ಕಂದಿನಿಂದ ನೀನು ಮಂಡಿ ಮೇಲೆ ಹೊಡೆದು ಹೊಡೆದು ಬೇಸತ್ತದ್ದು. ಅವಳ ಪೆನ್ಸಿಲ್ ತಪ್ಪು ಉತ್ತರಗಳ ಮೇಲೆ ಓಡಾಡುವಷ್ಟು ಹೊತ್ತೂ ನನ್ನ ಕಾಲು ಕುಣಿಯುತ್ತಿರುತ್ತದಂತೆ. ಸರಿ ಉತ್ತರದ ಮೇಲೆ ಬಂದ ಕೂಡಲೇ ಗಕ್ಕನೆ ನಿಲ್ಲುತ್ತದಂತೆ. ಉಸಿರು ಕೂಡ ಹಿಡಿಯುತ್ತೇನಂತೆ. ಓದುವಾಗ ಕಷ್ಟದ ಪದ ಬಂದರೆ ಅವಳಿಗಿಂತ ಮೊದಲು ನನ್ನ ತುಟಿ ಆ ಪದದ ಆಕಾರಕ್ಕೆ ಬರುತ್ತದಂತೆ. ಅವಳು ಇಷ್ಟು ತಿಂಗಳು ಕಲಿತದ್ದು ಇಂಗ್ಲಿಷನ್ನಲ್ಲ ಅಮ್ಮಾ, ನನ್ನನ್ನು. ಟೀಚರ್ ಬೈಯಲಿಲ್ಲ, ಅದಕ್ಕಿಂತ ಕಷ್ಟದ ಕೆಲಸ ಮಾಡಿದರು, ತಮಾಷೆ ಮಾಡಿದರು. ‘ಪರೀಕ್ಷೆ ದಿನ ನೀನೂ ಬರ್ತೀಯೇನಪ್ಪಾ? ಆಗದಿದ್ರೆ ನಿನ್ನ ಕಾಲನ್ನಾದ್ರೂ ಕಳಿಸಿಕೊಡು’ ಅಂದರು. ಆಮೇಲೆ ಸ್ವಲ್ಪ ಮೆತ್ತಗೆ, ‘ಅವಳು ಯೋಚನೆ ಮಾಡುವಷ್ಟು ಹೊತ್ತು ನಿಂಗೆ ಸುಮ್ಮನೆ ಕೂರೋಕೆ ಆಗಲ್ಲ. ಅಷ್ಟೇ ತೊಂದರೆ’ ಅಂದರು. ಯೋಚಿಸಿಟ್ಟುಕೊಂಡಿದ್ದ ಆ ಎರಡು ಮಾತನ್ನು ನುಂಗಿಕೊಂಡು ಹೊರಗೆ ಬಂದೆ.

ಇಬ್ಬರೂ ಮನೆ ಕಡೆ ಹೊರಟೆವು. ಸೈಕಲ್ ರಿಪೇರಿ ಅಂಗಡಿ ದಾಟಿದ ಮೇಲೆ ನಾನೇ ಕೇಳಿದೆ, ನಿನಗೆ ಗೊತ್ತಿತ್ತಾ ಅಂತ. ಹೂಂ ಅಂದಳು. ಯಾವಾಗಿನಿಂದ ಅಂದೆ. ‘ಆ ದೀಪಸ್ತಂಭದ ಅಜ್ಜನ ಪಾಠದಿಂದ’ ಅಂದಳು. ಹಾಗಾದರೆ ಬಾಯಿ ಬಿಟ್ಟು ಹೇಳುವುದಕ್ಕೇನು ಧಾಡಿ ಅಂದೆ. ಇನ್ನೂ ಸಿಟ್ಟು ಇಳಿದಿರಲಿಲ್ಲ ನನಗೆ, ಯಾರ ಮೇಲೆ ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಅವಳು ಸ್ವಲ್ಪ ದೂರ ನಡೆದು ಹೇಳಿದಳು, ‘ಮಾರನೇ ದಿನ ನೀನು ಶಿಳ್ಳೆ ಹಾಕ್ಕೊಂಡು ಕೆಲಸಕ್ಕೆ ಹೋದೆ. ನೀನು ಶಿಳ್ಳೆ ಹಾಕಿದ್ದು ನಾನು ಅವತ್ತೇ ಮೊದ್ಲು ಕೇಳಿದ್ದು. ಹೇಗಣ್ಣಾ ಹೇಳ್ಲಿ?’

ಹದಿನೈದು ವರ್ಷದ ಹುಡುಗಿ ನನ್ನ ಮರ್ಯಾದೆಯನ್ನು ಅಷ್ಟು ತಿಂಗಳು ಹೊತ್ತುಕೊಂಡು ತಿರುಗಿದ್ದಾಳೆ, ಅದೂ ತನ್ನ ಪರೀಕ್ಷೆಯ ತಲೆಯ ಮೇಲೆ ಕಾಲಿಟ್ಟು. ನಾನೋ ಅವಳನ್ನೇ ಪಡಸಾಲೆಯಲ್ಲಿ ನಿಲ್ಲಿಸಿ ಕತ್ತೆ ಅಂದವನು. ಅಲ್ಲೇ ರಸ್ತೆಯಲ್ಲಿ ಕ್ಷಮಿಸು ಅಂದೆ. ಅದಕ್ಕೆ ಅವಳು, ‘ಇರ್ಲಿ ಬಿಡು, ಮೊದ್ಲು ಮೂಗು ಒರೆಸ್ಕೋ, ಜನ ನೋಡ್ತಾರೆ’ ಅಂದಳು. ಅಂಗಡಿಯಲ್ಲಿ ಅವತ್ತು ಎರಡು ಗಾಜು ಅಡ್ಡಾದಿಡ್ಡಿ ಕೊಯ್ದೆ. ಯಜಮಾನರು ನನ್ನ ಮುಖ ನೋಡಿ ಮೂರನೆಯದನ್ನು ತಾವೇ ಕೊಯ್ದರು. ಎಲ್ಲರೂ ನನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತಾರೆ ಅಂತ ಆಗ ಹೊಳೆಯಿತು. ಆ ಮುಖದಲ್ಲಿ ಏನು ಬರೆದಿರುತ್ತದೆ ಅಂತ ಗೊತ್ತಿಲ್ಲದವನು ನಾನೊಬ್ಬನೇ. ಗಾಜಿನ ಅಂಗಡಿಯಲ್ಲಿ, ಸುತ್ತ ಕನ್ನಡಿ ಇಟ್ಟುಕೊಂಡು!

ಸಂಜೆ ಮಹಡಿ ಹತ್ತಿ ಟ್ಯೂಷನ್ ಅಕ್ಕನ ಬಾಗಿಲು ತಟ್ಟಿದೆ. ಆ ಜಾಗಕ್ಕೆ ಬೇರೆ ಹುಡುಗಿ ಬಂದು ಎಷ್ಟೋ ದಿನ ಆಯಿತಂತೆ. ನನ್ನ ಮನಸ್ಸು ಮುರಿಯದ ಹಾಗೆ ಹೇಳಿದರು, ‘ಪರೀಕ್ಷೆ ಹತ್ರ ಬಂತಲ್ಲಪ್ಪಾ, ಈಗ ಯಾರನ್ನ ಬಿಡ್ಸೋದು?’ ಸರಿಯೇ. ಒಬ್ಬಳ ಜಾಗ ನಾನು ಬಾಯಿಬಡುಕತನದಿಂದ ಕಳೆದೆ, ಇನ್ನೊಬ್ಬಳದನ್ನು ಕೀಳುವುದು ಬೇಡ. ಆದ್ದರಿಂದ ಈಗಲೂ ಅಭ್ಯಾಸ ಮನೆಯಲ್ಲೇ. ಮೊದಲ ದಿನ ಬೆನ್ನಿಗೆ ಬೆನ್ನು ಕೊಟ್ಟು ಕೂತೆವು. ಅದೂ ಕೆಲಸಕ್ಕೆ ಬರಲಿಲ್ಲ, ‘ನಿನ್ನ ಕಾಲು ಬೆನ್ನಿಂದಾನೂ ಗೊತ್ತಾಗುತ್ತೆ’ ಅಂದಳು. ಈಗ ಪಾಠ ಹಾಕಿಕೊಟ್ಟು ನಾನು ಹೊರಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಅದು ಎಂಥ ಕಷ್ಟ ಅಂತ ನಿನಗೆ ಹೇಗೆ ಹೇಳಲಿ? ಬಾಗಿಲಿನಾಚೆ ಪಾತ್ರೆಯೊಳಗಿನ ಧ್ವನಿ ಮುಗಿಯುತ್ತದೆ, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದರಲ್ಲಿ ಅವಳು ಒಬ್ಬಳೇ ಇದ್ದಾಳೆ. ಒಳಗೆ ನುಗ್ಗಿ ಹೇಳಿಕೊಟ್ಟುಬಿಡೋಣ ಅನ್ನಿಸುತ್ತದೆ, ಕೈ ಕಚ್ಚಿಕೊಂಡು ಕೂರುತ್ತೇನೆ. ನಿನ್ನೆ ಹತ್ತರಲ್ಲಿ ಮೂರು ಸರಿ ಬಂತು. ಮೂರು, ಆದರೆ ಮೂರೂ ಅವಳವೇ. ನನಗೆ ಸಂತೋಷವಾಯಿತು ಅಂತ ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಮೊದಲು ತಪ್ಪಿದ ಏಳನ್ನೇ ಎಣಿಸಿದೆ, ಆಮೇಲೆ ಸ್ವಲ್ಪ ಸಂತೋಷವಾಯಿತು.

ಮೊನ್ನೆ ಭಾನುವಾರ ನೀನು ಫೋನ್ ಮಾಡಿದಾಗ ‘ಪರೀಕ್ಷೆಗೆ ಹೇಗೆ ಓದ್ತಿದ್ದಾಳೆ’ ಅಂತ ಕೇಳಿದೆ. ನಾನು ‘ಹೂಂ, ಓದ್ತಿದ್ದಾಳೆ’ ಅಂದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಇಷ್ಟುದ್ದ ಬರೆದದ್ದು. ಅಪ್ಪನಿಗೆ ಎಲ್ಲ ಹೇಳಿದ್ದೇನೆ. ಅವರು ಚಪ್ಪಲಿ ಬಿಡುತ್ತಾ ಕೇಳಿಸಿಕೊಂಡು, ‘ಸ್ಟಿಯರಿಂಗ್ ಕೊಡದೆ ಯಾರಿಗೂ ಬಸ್ಸು ಕಲಿಸೋಕಾಗಲ್ಲ ಕಣೋ’ ಅಂದರು. ಅಷ್ಟೇ. ನೀನು ನನ್ನನ್ನು ಬೈಯಬೇಕಾದರೆ ಬೈದು ಬರೆ, ಮೀಸೆಯಣ್ಣ ವಾಪಸು ಬರುವಾಗ ತರುತ್ತಾನೆ. ಅವಳನ್ನು ಮಾತ್ರ ಬೈಯಬೇಡ.

ಮೈ ಜೋಪಾನ. ಅಜ್ಜಿ ಮಲಗಿದಾಗ ನೀನೂ ಸ್ವಲ್ಪ ಕಾಲು ಚಾಚು, ಆ ಹೊತ್ತಿನಲ್ಲಿ ಅವರ ಕಿಟಕಿ ಒರೆಸುತ್ತ ನಿಲ್ಲಬೇಡ. ಅಪ್ಪ ‘ನಾನು ಕೇಳಿದೆ ಅಂತ ಬರಿ’ ಅಂದಿದ್ದಾರೆ. ಇಲಿಮರಿ ಒಂದು ಮುತ್ತು ಕಳಿಸಿದ್ದಾಳೆ, ಕಾಗದದಲ್ಲಿ ಏನಿದೆ ಅಂತ ಪೂರ್ತಿ ಗೊತ್ತಿಲ್ಲದೆ. ನಿನ್ನ ಕಾಲಿಗೆ ನನ್ನ ನಮಸ್ಕಾರ, ತಲೆ ತಗ್ಗಿಸಿಯೇ ಮಾಡುತ್ತಿದ್ದೇನೆ.

ನಿನ್ನ ಮಗ,
ಬುಗುರಿ

ಇನ್ನೊಂದು ವಿಷಯ ಉಳಿದಿದೆ, ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಮೀಸೆಯಣ್ಣ ವ್ಯಾನಿಗೆ ಕನ್ನಡಿ ಕಟ್ಟುತ್ತಾ ‘ಬೇಗ ಕೊಡೋ’ ಅಂತ ಕೂಗುತ್ತಿದ್ದಾನೆ, ಗುರುವಾರದ ಕೆಲಸಕ್ಕೆ ಇವತ್ತೇ ಹೊರಡಬೇಕಂತೆ. ನಿನ್ನೆ ಆ ಮೂರು ಅಂಕ ನೋಡಿದ ಮೇಲೆ ಇಲಿಮರಿ ನನ್ನ ಎದುರಿಗೆ ಕೂತು, ‘ನಾನು ಈ ವರ್ಷ ಪರೀಕ್ಷೆಗೆ ಕೂರಲ್ಲ ಅಣ್ಣಾ. ಶಾಲೆ ಬಿಟ್ಟು ನಿನ್ನ ಹಾಗೇ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ. ಅಮ್ಮನ್ನ ಕೇಳಿ ಬರಿ’ ಅಂದಳು. ಆ ಮಾತು ಕೇಳಿದ ಕೂಡಲೇ ನನ್ನ ಕಾಲು ನಿಂತುಬಿಟ್ಟಿತು. ಅದು ಹೆದರಿಕೆಗೆ ನಿಂತದ್ದು ಅಮ್ಮಾ. ಅವಳು ಕಾಲನ್ನೇ ನೋಡುತ್ತಿದ್ದಳು. ಸರಿ ಉತ್ತರ ಸಿಕ್ಕಿತು ಅಂತ ತಲೆಯಾಡಿಸಿ ಎದ್ದು ಹೋದಳು. ಹಾಗಲ್ಲ ಅಂತ ಆಮೇಲೆ ಎಷ್ಟು ಹೇಳಿದರೂ ನಂಬುತ್ತಿಲ್ಲ. ಪರೀಕ್ಷೆಗೆ ಕೂರುವವರ ಹೆಸರು ಟೀಚರಿಗೆ ಸೋಮವಾರ ಕೊಡಬೇಕು. ಈ ಭಾನುವಾರ ನೀನು ಫೋನ್ ಮಾಡುವ ಹೊತ್ತಿಗೆ ಅಪ್ಪನನ್ನೂ ಕರೆದುಕೊಂಡು ನಾನು ಹೊರಗೆ ಹೋಗಿರುತ್ತೇನೆ. ಅವಳೊಬ್ಬಳನ್ನೇ ಕೇಳು, ನಿನಗೆ ಏನು ಬೇಕು ಅಂತ. ಕೇಳಿ ಸುಮ್ಮನಿರು. ಅವಳು ತುಂಬಾ ಹೊತ್ತು ಮಾತಾಡದೆ ಇರುತ್ತಾಳೆ, ಫೋನ್ ಕಟ್ಟಾಯಿತು ಅಂತ ಇಟ್ಟುಬಿಡಬೇಡ.